ಲಾರಿಯ ಡಿಫರೆನ್ಷಿಯಲ್: ಆವಿಷ್ಕಾರದಿಂದ ಅಂಗಳದ ದುರಸ್ತಿಯವರೆಗೆ

ತಂತ್ರಜ್ಞಾನದ ಚರಿತ್ರೆಯನ್ನು ಬಹುಮಟ್ಟಿಗೆ ಆವಿಷ್ಕಾರಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಯಂತ್ರವನ್ನು ಮೊದಲು ಕಲ್ಪಿಸಿದವನ ಹೆಸರು, ಪೇಟೆಂಟಿನ ವರ್ಷ, ಕಾರ್ಖಾನೆಯ ಸ್ಥಾಪನೆ ಇವು ದಾಖಲೆಗಳಲ್ಲಿ ಉಳಿಯುತ್ತವೆ. ಅದೇ ಯಂತ್ರ ಸವೆದಾಗ ಅದನ್ನು ಬಿಚ್ಚಿ, ಅಳೆದು, ಮರಳಿ ಜೋಡಿಸಿದವರ ಅರಿವು ದಾಖಲೆಗೆ ಬರುವುದು ವಿರಳ. ಲಾರಿಯ ಹಿಂದಿನ ಆಕ್ಸಲ್‌ನೊಳಗಿರುವ ಡಿಫರೆನ್ಷಿಯಲ್ ಈ ಕೊರತೆಗೆ ಒಳ್ಳೆಯ ನಿದರ್ಶನ. ಅತ್ಯಂತ ನಿಖರವಾದ ಕಾರ್ಖಾನೆಯ ಕೆಲಸವನ್ನು ಬೇಡುವ ಈ ಘಟಕವನ್ನು ಮನೆಯ ಅಂಗಳದಲ್ಲಿಯೂ ರಸ್ತೆಬದಿಯ ಶೆಡ್ಡಿನಲ್ಲಿಯೂ ದುರಸ್ತಿ ಮಾಡುವುದು ಹೇಗೆ ಸಾಧ್ಯವಾಯಿತು ಎಂಬುದು ಇಲ್ಲಿಯ ಪ್ರಶ್ನೆ.

ಉಗಮ ಮತ್ತು ವಿಕಾಸ

ವಾಹನ ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಒಂದು ಚಕ್ರ ನೆಲದ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಇದಕ್ಕೆ ಪರಿಹಾರವಾದ ಗಿಯರು ವ್ಯವಸ್ಥೆ ಮೊದಲು ಕಾಣಿಸಿಕೊಂಡದ್ದು ವಾಹನದಲ್ಲಿ ಅಲ್ಲ, ಗಡಿಯಾರದಲ್ಲಿ. 1720ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಲಿಯಮ್‌ಸನ್ ಇದನ್ನು ಗಡಿಯಾರಕ್ಕೆ ಅಳವಡಿಸಿದನು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಉಗಿಬಂಡಿಗಾಗಿ ಇದಕ್ಕೆ ಪೇಟೆಂಟ್ ಪಡೆದನು. ಅವನೂ ಗಡಿಯಾರ ತಯಾರಕನೇ ಆಗಿದ್ದನೆಂಬುದು ಗಮನಾರ್ಹ. 1877ರಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮೂರು ಚಕ್ರದ ಸೈಕಲ್ಲಿನಲ್ಲಿ ಇದನ್ನು ಬಳಸಿದನು. ಮುಂದೆ ಬಂದ ಮೋಟಾರು ವಾಹನಗಳಿಗೆ ಇದು ಅನಿವಾರ್ಯ ಅಂಗವಾಯಿತು.

ಆರಂಭದ ಭಾರವಾಹನಗಳಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಸರಪಳಿಯ ಮೂಲಕ ಹರಿಯುತ್ತಿತ್ತು. 1916ರಿಂದ ತಯಾರಾದ ಅಮೆರಿಕದ ಮ್ಯಾಕ್ ಎಸಿ ಲಾರಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಧೂಳು ಕೆಸರುಗಳಿಗೆ ತೆರೆದುಕೊಂಡಿದ್ದ ಸರಪಳಿಗಳು ಕ್ರಮೇಣ ಹಿಂದೆ ಸರಿದು, ಎಣ್ಣೆಯಲ್ಲಿ ಮುಳುಗಿ ತಿರುಗುವ ಕ್ರೌನ್ ವೀಲ್ ಮತ್ತು ಪಿನಿಯನ್ ಜೋಡಿ ಆ ಸ್ಥಾನವನ್ನು ಪಡೆದವು. ಓರೆಹಲ್ಲಿನ ಗಿಯರುಗಳನ್ನು ಯಂತ್ರದಿಂದ ಕತ್ತರಿಸುವ ಮಾರ್ಗವನ್ನು ವಿಲಿಯಮ್ ಗ್ಲೀಸನ್ 1874ರಲ್ಲಿಯೇ ಅಮೆರಿಕದ ರಾಚೆಸ್ಟರಿನಲ್ಲಿ ತೋರಿಸಿಕೊಟ್ಟಿದ್ದನು. 1920ರ ದಶಕದ ಮಧ್ಯಭಾಗದಲ್ಲಿ ಅದೇ ಸಂಸ್ಥೆಯಿಂದ ಹೈಪಾಯ್ಡ್ ಗಿಯರು ಬಂದಿತು. ಇದರಲ್ಲಿ ಪಿನಿಯನ್ನಿನ ಅಕ್ಷ ಕ್ರೌನ್ ವೀಲಿನ ಕೇಂದ್ರರೇಖೆಯಿಂದ ಪಕ್ಕಕ್ಕೆ ಸರಿದಿರುತ್ತದೆ. ಹಲ್ಲುಗಳು ಒಂದರ ಮೇಲೊಂದು ಹೆಚ್ಚು ಜಾರುವುದರಿಂದ ಸಾಮಾನ್ಯ ಎಣ್ಣೆಯ ಪದರ ಒತ್ತಡ ತಾಳದೆ ಹರಿಯುತ್ತದೆ. ಗಂಧಕಾದಿ ರಾಸಾಯನಿಕಗಳನ್ನು ಸೇರಿಸಿದ ಗಿಯರು ಎಣ್ಣೆ ಇಲ್ಲಿ ಅವಶ್ಯಕವಾಯಿತು.

ರಚನೆಯಲ್ಲಿಯೇ ಇದ್ದ ಅವಕಾಶ

ಅಂಗಳದ ದುರಸ್ತಿಗೆ ಮೆಕ್ಯಾನಿಕ್ಕನ ಜಾಣ್ಮೆಯನ್ನಷ್ಟೇ ಕಾರಣವಾಗಿ ಹೇಳುವುದು ವಾಡಿಕೆ. ಆದರೆ ಭಾರವಾಹನಗಳ ಆಕ್ಸಲ್ ರಚನೆಯೇ ಇದಕ್ಕೆ ದಾರಿ ಮಾಡಿಕೊಟ್ಟಿತೆಂಬುದು ಅಷ್ಟೇ ನಿಜ. ಲಾರಿಯ ಭಾರವನ್ನು ಹೊರುವುದು ಆಕ್ಸಲ್ ಶಾಫ್ಟ್ ಅಲ್ಲ, ಹೌಸಿಂಗ್ ಮತ್ತು ಅದರ ತುದಿಯ ಹಬ್ ಬೇರಿಂಗ್‌ಗಳು. ಶಾಫ್ಟ್ ಕೇವಲ ತಿರುಗಿಸುವ ಕೆಲಸ ಮಾಡುತ್ತದೆ. ಆದ್ದರಿಂದ ಚಕ್ರಗಳು ನೆಲದ ಮೇಲಿರುವಾಗಲೇ ಬೋಲ್ಟು ಬಿಚ್ಚಿ ಶಾಫ್ಟನ್ನು ಹೊರಗೆಳೆಯಬಹುದು. ಪ್ರೊಪೆಲ್ಲರ್ ಶಾಫ್ಟನ್ನು ಕಳಚಿದ ಬಳಿಕ ಇಡೀ ಡಿಫರೆನ್ಷಿಯಲ್ಲನ್ನು ಹೊತ್ತ ಕ್ಯಾರಿಯರ್ ಹೌಸಿಂಗ್‌ನಿಂದ ಬೇರ್ಪಡುತ್ತದೆ. ಅದರ ತೂಕಕ್ಕೆ ಜಾಕ್ ಅಥವಾ ಚೈನ್ ಪುಲ್ಲಿ ಬೇಕಾದರೂ, ಮುಂದಿನ ಸೂಕ್ಷ್ಮ ಕೆಲಸ ಮೇಜಿನ ಮೇಲೆ ನಡೆಯಬಲ್ಲದು.

ಕೆಲಸದ ಕ್ರಮ

ಮೊದಲು ಎಣ್ಣೆಯನ್ನು ಬಸಿದು ಅದರಲ್ಲಿ ಲೋಹದ ಚೂರುಗಳಿವೆಯೇ ಎಂದು ನೋಡಲಾಗುತ್ತದೆ. ಬೇರಿಂಗ್ ಕ್ಯಾಪುಗಳನ್ನು ತೆಗೆಯುವ ಮುನ್ನ ಪಂಚಿನಿಂದ ಗುರುತು ಹಾಕುವುದು ಕಡ್ಡಾಯ. ಅವುಗಳನ್ನು ಕ್ಯಾರಿಯರಿನೊಂದಿಗೆ ಒಟ್ಟಿಗೆ ಕೊರೆದಿರುವುದರಿಂದ ಎಡದ್ದು ಬಲಕ್ಕೆ ಕೂಡುವುದಿಲ್ಲ. ಕ್ರೌನ್ ವೀಲ್ ಮತ್ತು ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಪರಸ್ಪರ ಉಜ್ಜಿ ಹೊಂದಿಸಿ ಒಂದೇ ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಒಂದು ಕೆಟ್ಟರೆ ಜೋಡಿಯನ್ನೇ ಬದಲಿಸಬೇಕು. ಅಂಗಳದ ದುರಸ್ತಿಯ ಮಿತಿ ಇಲ್ಲಿದೆ: ಹಲ್ಲನ್ನು ಅಲ್ಲಿ ತಯಾರಿಸಲಾಗದು, ಅದರ ಸ್ಥಾನವನ್ನು ಮಾತ್ರ ಸರಿಪಡಿಸಬಹುದು.

ಆ ಸ್ಥಾನನಿರ್ಣಯಕ್ಕೆ ಮೂರು ಅಳತೆಗಳು ಮುಖ್ಯ. ಪಿನಿಯನ್ ಬೇರಿಂಗ್‌ಗಳ ಬಿಗಿತ ಮೊದಲನೆಯದು. ಸೀಲ್ ಹಾಕುವ ಮೊದಲು ದಾರವನ್ನು ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಒಂದೇ ಸಮನೆ ತಿರುಗುವಾಗಿನ ಅಂಕಿಯನ್ನು ಸುತ್ತಳತೆಯ ತ್ರಿಜ್ಯದಿಂದ ಗುಣಿಸಿದರೆ ಉತ್ತರ ದೊರೆಯುತ್ತದೆ. ಎರಡನೆಯದು ಹಲ್ಲುಗಳ ನಡುವಿನ ಆಟ, ಅಂದರೆ ಬ್ಯಾಕ್‌ಲ್ಯಾಶ್. ಮಿಲಿಮೀಟರಿನ ಹತ್ತನೆಯ ಕೆಲವು ಭಾಗಗಳಷ್ಟಿರುವ ಇದಕ್ಕೆ ಡಯಲ್ ಗೇಜ್ ಬೇಕು. ಮೂರನೆಯದು ಹಲ್ಲುಗಳ ಸ್ಪರ್ಶದ ಗುರುತು. ಕ್ರೌನ್ ವೀಲಿನ ಕೆಲವು ಹಲ್ಲುಗಳಿಗೆ ಬಣ್ಣ ಬಳಿದು, ತಡೆ ಕೊಟ್ಟು ತಿರುಗಿಸಿದಾಗ ಬಣ್ಣ ಅಳಿಸಿದ ಜಾಗ ಎಲ್ಲ ತಿಳಿಸುತ್ತದೆ. ಗುರುತು ಹಲ್ಲಿನ ನೆತ್ತಿಗೆ ಏರಿದ್ದರೆ ಶಿಮ್ ಬದಲಿಸಿ ಪಿನಿಯನ್ನನ್ನು ಒಳಕ್ಕೆ ತರಬೇಕು. ಬುಡಕ್ಕೆ ಇಳಿದಿದ್ದರೆ ಹೊರಕ್ಕೆ ಸರಿಸಬೇಕು. ಉದ್ದದಲ್ಲಿ ಒಳತುದಿಗೆ ವಾಲಿದ್ದರೆ ಕ್ರೌನ್ ವೀಲನ್ನು ಪಿನಿಯನ್ನಿನಿಂದ ದೂರ ಮಾಡಬೇಕು. ಕಾರ್ಖಾನೆಯೂ ಇದೇ ಬಣ್ಣದ ಪರೀಕ್ಷೆಯನ್ನು ನೆಚ್ಚಿಕೊಂಡಿದೆ. ಅಕ್ಷರ ಬಾರದವನೂ ಓದಬಲ್ಲ ಈ ಗುರುತಿನಿಂದಾಗಿ ಕಾರ್ಖಾನೆಯ ವಿದ್ಯೆ ಗ್ಯಾರೇಜಿಗೆ ದಾಟಿ ಬರಲು ಸಾಧ್ಯವಾಯಿತು.

ಭಾರತ ಮತ್ತು ಕರ್ನಾಟಕದ ಸಂದರ್ಭ

ಡೈಮ್ಲರ್ ಬೆಂಝ್ ಸಹಯೋಗದಲ್ಲಿ ಟಾಟಾ ಸಂಸ್ಥೆ 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಕೆಯನ್ನು ಆರಂಭಿಸಿತು. ಆಮದು ನಿರ್ಬಂಧಗಳಿದ್ದ ಆ ದಶಕಗಳಲ್ಲಿ ಹೊಸ ಘಟಕ ಕೊಳ್ಳುವುದಕ್ಕಿಂತ ಹಳೆಯದನ್ನು ಉಳಿಸಿಕೊಳ್ಳುವುದು ಮಾಲೀಕನಿಗೆ ಅನಿವಾರ್ಯವಾಗಿತ್ತು. ದೊಡ್ಡ ಸಾರಿಗೆ ಸಂಸ್ಥೆಗಳು ಸಿದ್ಧ ಘಟಕವನ್ನು ದಾಸ್ತಾನಿನಲ್ಲಿಟ್ಟುಕೊಂಡು, ಕೆಟ್ಟದ್ದನ್ನು ಕಾರ್ಯಾಗಾರಕ್ಕೆ ಕಳುಹಿಸಬಲ್ಲವು. ಒಂದೇ ಲಾರಿಯ ಒಡೆಯನಿಗೆ ಬದಲಿ ಘಟಕವಿಲ್ಲ. ಅದೇ ಡಿಫರೆನ್ಷಿಯಲ್ ದುರಸ್ತಿಯಾಗಿ ಬರುವವರೆಗೆ ಬಾಡಿಗೆಯೂ ಇಲ್ಲ, ಸಾಲದ ಕಂತೂ ನಿಲ್ಲುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಊರೂರಿನ ಗ್ಯಾರೇಜುಗಳನ್ನೂ ಈ ಆರ್ಥಿಕ ಒತ್ತಡದ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. 1981ರಲ್ಲಿ ಮೈಸೂರಿನಲ್ಲಿ ಆಟೋಮೋಟಿವ್ ಆಕ್ಸಲ್ಸ್ ಸಂಸ್ಥೆ ಸ್ಥಾಪನೆಯಾದ ಮೇಲೆ, ಭಾರವಾಹನಗಳ ಆಕ್ಸಲ್‌ಗಳನ್ನು ತಯಾರಿಸುವ ನೆಲೆಯೂ ಕರ್ನಾಟಕವಾಯಿತು.

ಉಪಸಂಹಾರ

ವಿದ್ಯುತ್ ಲಾರಿಗಳಲ್ಲಿಯೂ ಒಂದೇ ಮೋಟಾರು ಎರಡು ಚಕ್ರಗಳನ್ನು ತಿರುಗಿಸುವಲ್ಲಿ ಡಿಫರೆನ್ಷಿಯಲ್ ಬೇಕೇ ಬೇಕು. ಆದರೆ ಮೋಟಾರು, ಗಿಯರು, ಆಕ್ಸಲ್ ಮೂರನ್ನೂ ಒಂದೇ ಕವಚದಲ್ಲಿ ಸೇರಿಸುವ ರಚನೆಗಳು ಬಂದಿವೆ. ಅಂಥ ಕವಚವನ್ನು ತೆರೆಯುವ ಅವಕಾಶ ಸಣ್ಣ ಗ್ಯಾರೇಜಿಗೆ ಉಳಿಯದಿದ್ದರೆ, ಬಣ್ಣದ ಗುರುತನ್ನು ಓದುವ ವಿದ್ಯೆ ಕಲಿಯುವವರಿಲ್ಲದೆ ನಿಲ್ಲುತ್ತದೆ. ಕೈಯಿಂದ ಕೈಗೆ ಬಂದ ಈ ಅರಿವನ್ನು, ಅದರ ಪರಿಭಾಷೆ ಮತ್ತು ಉಪಕರಣಗಳ ಸಹಿತ, ಬಲ್ಲವರು ಇರುವಾಗಲೇ ದಾಖಲಿಸುವುದು ಕನ್ನಡದಲ್ಲಿ ತಂತ್ರಜ್ಞಾನದ ಚರಿತ್ರೆ ಬರೆಯುವವರ ಮುಂದಿರುವ ತುರ್ತಿನ ಕೆಲಸವಾಗಿದೆ.