ದೇವರ ಮೇಲೆ ಭಾರ ಹಾಕಿ ಹೊರಟ ಬಂಡಿ

ಮೇ ತಿಂಗಳ ರಜೆಯಲ್ಲಿ ಮಕ್ಕಳುಮರಿಗಳೊಂದಿಗೆ ಮುಂಬಯಿಯಿಂದ ಊರ ಹಾದಿ ಹಿಡಿಯುವ ನಮಗೆ, ಘಾಟಿ ಇಳಿಯುವ ಮುನ್ನ ಚಾಲಕ ಬಸ್ಸು ನಿಲ್ಲಿಸಿ ಗುಡಿಯ ಡಬ್ಬಿಗೆ ಕಾಸು ಹಾಕಿ ಬರುವ ದೃಶ್ಯ ಹೊಸದಲ್ಲ. ನಾವೂ ಕೂತಲ್ಲಿಂದಲೇ ಕೈ ಮುಗಿಯುತ್ತೇವೆ. ಭಾರವನ್ನು ದೇವರ ಮೇಲೆ ಹಾಕಿ ಮತ್ತೆ ಕಣ್ಣು ಮುಚ್ಚುತ್ತೇವೆ. ಹಾಗೆಯೇ ಭಾರ ಹಾಕಿ, ಹೆಂಡತಿ ಮಕ್ಕಳೊಡನೆ ರಸ್ತೆಯೇ ಇಲ್ಲದ ಮರುಭೂಮಿಗೆ ಬಂಡಿ ಹೂಡಿದ ಪಾದ್ರಿಯೊಬ್ಬನ ಕಥೆಯಿದು. ಡೇವಿಡ್ ಲಿವಿಂಗ್‌ಸ್ಟನ್ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಆದರೆ ಅಲ್ಲಿ ಆತ ಒಂಟಿ ಸಾಹಸಿ. ಬಂಡಿಯೊಳಗೆ ಕುಳಿತಿದ್ದ ಮೇರಿಯ ಸುದ್ದಿಯೇ ಇರಲಿಲ್ಲ.

ಮೇರಿ ಹುಟ್ಟಿದ್ದೇ ದಕ್ಷಿಣ ಆಫ್ರಿಕದಲ್ಲಿ, 1821ರಲ್ಲಿ. ತಂದೆ ರಾಬರ್ಟ್ ಮೊಫಟ್ ಕುರುಮಾನಿನಲ್ಲಿ ಮಿಶನ್ ನಡೆಸುತ್ತ ಬೈಬಲನ್ನು ತ್ಸ್ವಾನಾ ಭಾಷೆಗೆ ತಂದವನು. 1845ರಲ್ಲಿ ಆಕೆಗೂ ಲಿವಿಂಗ್‌ಸ್ಟನ್‌ಗೂ ಮದುವೆಯಾಯಿತು. (ಅದಕ್ಕೆ ಎರಡು ವರ್ಷ ಹಿಂದೆ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ್ದನೆಂದರೆ ವಾಚಕರಿಗೆ ಕಾಲದ ಅಂದಾಜು ಸಿಕ್ಕೀತು.) ಈಗಿನ ಬೊಟ್ಸ್‌ವಾನಾದ ಕೊಲೊಬೆಂಗ್‌ನಲ್ಲಿ ಅವರ ಸಂಸಾರ. ಸಾಬೂನು, ಮೇಣದಬತ್ತಿ ಎಲ್ಲ ಮನೆಯಲ್ಲೇ ಆಗಬೇಕು. ಪ್ರಯಾಣದಲ್ಲಾದರೆ ಹುತ್ತ ಕೊರೆದು ಅದರಲ್ಲೇ ರೊಟ್ಟಿ ಸುಡಬೇಕು.

1849ರಲ್ಲಿ ಲಿವಿಂಗ್‌ಸ್ಟನ್ ಗೆಳೆಯರೊಡನೆ ಕಲಹರಿ ದಾಟಿ ನ್ಗಾಮಿ ಸರೋವರವನ್ನು ಕಂಡ. ಅದರಾಚೆಯ ಜನರಿಗೆ ಸುವಾರ್ತೆ ಮುಟ್ಟಿಸಬೇಕೆಂಬ ಹಂಬಲ ಹತ್ತಿತು. ಮರುವರ್ಷ ಏಪ್ರಿಲ್‌ನಲ್ಲಿ ಕುಟುಂಬವೇ ಹೊರಟಿತು. ಹಿರಿಯ ಮಗ ರಾಬರ್ಟನಿಗೆ ನಾಲ್ಕು ವರ್ಷ, ಕಿರಿಯವನಿಗೆ ಒಂದು, ನಡುವೆ ಆಗ್ನೆಸ್. ಮೇರಿ ತುಂಬು ಬಸುರಿಯಾಗುವ ಹಾದಿಯಲ್ಲಿದ್ದಳು. ಸರೋವರ ತಲುಪುತ್ತಲೇ ಮಕ್ಕಳಿಗೆ ಜ್ವರ ಹಿಡಿಯಿತು. ಮಲೇರಿಯ ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪತ್ತೆಹಚ್ಚಲು ಇನ್ನೂ 47 ವರ್ಷವಿತ್ತು. ಬಂಡಿಯನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಆಗಸ್ಟ್‌ನಲ್ಲಿ ಕೊಲೊಬೆಂಗ್‌ನಲ್ಲಿ ಹುಟ್ಟಿದ ಎಲಿಜಬೆತ್ ಆರೇ ವಾರ ಬದುಕಿದಳು. ಬಾಣಂತಿಯ ಮುಖದ ಒಂದು ಪಕ್ಕಕ್ಕೆ ಲಕ್ವ ಹೊಡೆದಿತ್ತು.

ಆದರೂ 1851ರಲ್ಲಿ ಮತ್ತೆ ಪ್ರಯಾಣದ ಸಿದ್ಧತೆ. ಮೇರಿ ಮತ್ತೆ ಗರ್ಭಿಣಿ. ವಿಷಯ ತಿಳಿದ ಅತ್ತೆ ಮೊಫಟ್ ಅಮ್ಮ ಅಳಿಯನಿಗೆ ಬರೆದ ಪತ್ರ ಇಂದಿಗೂ ಓದುವವರ ಎದೆ ಚುಚ್ಚುತ್ತದೆ. ಒಂದು ಕೂಸನ್ನು ಕಳೆದುಕೊಂಡದ್ದು ಸಾಲದೆ, ಉಳಿದವರು ಬದುಕಿದ್ದೇ ಹೆಚ್ಚಲ್ಲವೆ ಎಂದು ಆಕೆ ಕೇಳಿದಳು. ಅಳಿಯ ಆ ಪತ್ರವನ್ನು ತನ್ನ ದಿನಚರಿಯಲ್ಲಿ ನಕಲು ಮಾಡಿಟ್ಟ. ಪ್ರಯಾಣ ಮಾತ್ರ ನಿಲ್ಲಿಸಲಿಲ್ಲ. ಜ್ವರದ ನಾಡಿಗೆ ಹೆಂಡತಿ ಮಕ್ಕಳನ್ನು ಒಯ್ಯುವುದು ಗಂಡಾಂತರವೆಂದು ಆತ ಅರಿಯದವನಲ್ಲ. ನಂಬಿದ ಯೇಸುವಿಗಾಗಿ ಅಷ್ಟು ಗಂಡಾಂತರಕ್ಕೂ ಒಡ್ಡಿಕೊಳ್ಳದವನು ಎಂಥ ಭಕ್ತ ಎಂಬುದು ಆತನ ವಾದ.

ಈ ಸಲ ಜೊತೆಗೆ ವಿಲಿಯಂ ಓಸ್ವೆಲ್ ಇದ್ದ. ಹಿಂದೆ ಮದ್ರಾಸಿನಲ್ಲಿ ಕಂಪನಿ ಸರಕಾರದ ನೌಕರಿಯಲ್ಲಿದ್ದವನು. ಬಂಡಿಗಳು ಬರುವ ಮೊದಲೇ ಮುಂದೆ ಹೋಗಿ ಬಾವಿಗಳ ಮರಳು ತೋಡಿಸಿಡುವುದು ಅವನ ಕೆಲಸ. ಉಪ್ಪು ಬಯಲುಗಳ ಆಚೆ ಆ ಉಪಾಯವೂ ನಡೆಯಲಿಲ್ಲ. ದಾರಿ ತೋರುವ ಶೋಬೊ ದಾರಿ ತಪ್ಪಿ ಕಣ್ಮರೆಯಾದ. ಬಂಡಿಯಲ್ಲಿದ್ದ ನೀರನ್ನು ಆಳೊಬ್ಬ ಪೋಲು ಮಾಡಿದ್ದ. ಉಳಿದದ್ದು ಮಕ್ಕಳಿಗೆ ಗುಟುಕು. ನೀರು ಕಡಿಮೆಯಾದಷ್ಟೂ ಅವುಗಳ ದಾಹ ಹೆಚ್ಚಿತು. ಮೇರಿ ಗಂಡನಿಗೆ ಒಂದು ಮಾತನ್ನೂ ಅನ್ನಲಿಲ್ಲ, ಕಣ್ಣೀರು ಮಾತ್ರ ತುಂಬಿತ್ತು ಎಂದು ಆತನೇ 1857ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ನೀರು ಹುಡುಕಿ ಹೋಗಿದ್ದ ಆಳುಗಳು ಐದನೆಯ ದಿನ ಮಧ್ಯಾಹ್ನ ಅದನ್ನು ಹೊತ್ತು ತಂದರು.

ದೇವರು ಕಾಯ್ದ ಎನ್ನಬಹುದು. ನಾವೂ ಹಾಗೆಯೇ ಅನ್ನುತ್ತಿದ್ದೆವು. ಆದರೆ ಆ ನೀರನ್ನು ಹೊತ್ತು ತಂದವರ ಹೆಸರು ನಮಗೆ ಗೊತ್ತಿಲ್ಲ. ಮೇರಿಯ ನಂಬಿಕೆ ಎಂಥದಿತ್ತೆಂದು ಹೇಳುವ ದಿನಚರಿಯೂ ಇಲ್ಲ. ಭಾರ ಹಾಕಿದವನು ಬರೆದಿಟ್ಟ, ಹೊತ್ತವಳು ಸುಮ್ಮನಿದ್ದಳು.

ಚೋಬೆ ನದಿಯ ಬಳಿ ಮಕೊಲೊಲೊ ಅರಸ ಸೆಬಿತುವಾನೆ ಆದರದಿಂದ ಬರಮಾಡಿಕೊಂಡ. ಕೆಲವೇ ದಿನಗಳಲ್ಲಿ ತೀರಿಕೊಂಡ. ಮರಳುವ ದಾರಿಯಲ್ಲಿ, ಸಪ್ಟೆಂಬರ್‌ನಲ್ಲಿ, ಬೊಟೆಟಿ ನದಿಯ ದಂಡೆಯ ಮೇಲೆ ಮೇರಿ ಗಂಡು ಹೆತ್ತಳು. ಗೆಳೆಯನ ನೆನಪಿಗೆ ವಿಲಿಯಂ ಓಸ್ವೆಲ್ ಎಂದೇ ಹೆಸರಿಟ್ಟರು.

1852ರ ಏಪ್ರಿಲ್‌ನಲ್ಲಿ ಮೇರಿಯನ್ನೂ ನಾಲ್ವರು ಮಕ್ಕಳನ್ನೂ ಲಿವಿಂಗ್‌ಸ್ಟನ್ ಕೇಪ್‌ಟೌನಿನಲ್ಲಿ ಹಡಗು ಹತ್ತಿಸಿದ. ಮಕ್ಕಳ ಬಟ್ಟೆಬರೆಗೆ ಹಣ ಕೊಟ್ಟವನೂ ಓಸ್ವೆಲ್‌ನೇ. ಒಬ್ಬನೇ ಉತ್ತರಕ್ಕೆ ಮರಳುವಾಗ ಬಂಡಿಯ ಚಕ್ರ ಮುರಿದು ಕುರುಮಾನಿನಲ್ಲಿ ಎರಡು ವಾರ ತಡವಾಯಿತು. ಅಷ್ಟರಲ್ಲಿ ಬೋಯರರು ಬಕ್ವೇನಾ ಜನರ ಮೇಲೆ ದಾಳಿಯಿಟ್ಟರು. ಕೊಲೊಬೆಂಗ್‌ನ ಮನೆ ಲೂಟಿಯಾಯಿತು. ಚಕ್ರ ಮುರಿದದ್ದು ದೈವಕೃಪೆಯೆಂದೇ ಆತ ಬಗೆದ. ಅತ್ತ ಮೇರಿ, ತನ್ನದಲ್ಲದ ದೇಶದಲ್ಲಿ, ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆಯುತ್ತ ನಾಲ್ಕೂವರೆ ವರ್ಷ ಕಳೆದಳು. ಪರವೂರಿನಲ್ಲಿ ಬಿಡಾರ ಬದಲಿಸಿದ ನಮಗೆ ಈ ಸಂಕಟ ಸ್ವಲ್ಪ ಅರ್ಥವಾದೀತು.

1862ರಲ್ಲಿ ಜಾಂಬೆಜಿ ನದಿಯ ಬಳಿ ಗಂಡನನ್ನು ಕೂಡಿಕೊಂಡ ಆಕೆ ಕೆಲವೇ ತಿಂಗಳಲ್ಲಿ, ಏಪ್ರಿಲ್ 27ರಂದು, ಶುಪಾಂಗದಲ್ಲಿ ಜ್ವರದಿಂದ ತೀರಿಕೊಂಡಳು.

ಎರಡು ವರ್ಷಗಳ ಮೇಲೆ, 1864ರ ಜೂನ್‌ನಲ್ಲಿ, ಲಿವಿಂಗ್‌ಸ್ಟನ್ ಪುಟ್ಟ ಉಗಿಹಡಗೊಂದನ್ನು ತಾನೇ ನಡೆಸಿಕೊಂಡು ಜಾಂಜಿಬಾರಿನಿಂದ ನಮ್ಮ ಮುಂಬಯಿಗೆ ಬಂದಿಳಿದ. ಅದೇ ವರ್ಷದ ಕೊನೆಗೆ, ಬಂಡಿಯಲ್ಲಿ ನೀರಿಗಾಗಿ ಹಂಬಲಿಸಿದ್ದ ರಾಬರ್ಟ್, ಹೆಸರು ಬದಲಿಸಿಕೊಂಡು ಅಮೆರಿಕದ ಅಂತರ್ಯುದ್ಧಕ್ಕೆ ಸೇರಿದ್ದವನು, ಸೆರೆಯಲ್ಲಿ ಸತ್ತ. ಅವನಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಕೊಲೊಬೆಂಗ್‌ನ ದಿನಗಳಲ್ಲಿ ಮಕ್ಕಳೊಡನೆ ಆಡಲು ಹೊತ್ತು ಕೊಡಲಿಲ್ಲವಲ್ಲ ಎಂದು ತಂದೆ ಮುಂದೆ ಪರಿತಪಿಸಿದ್ದುಂಟು.

1873ರಲ್ಲಿ ಲಿವಿಂಗ್‌ಸ್ಟನ್ ಆಫ್ರಿಕದ ಒಳನಾಡಿನಲ್ಲಿ ಸತ್ತಾಗ ಶವವನ್ನು ತಿಂಗಳುಗಟ್ಟಲೆ ಹೊತ್ತು ಕಡಲತೀರಕ್ಕೆ ತಂದವರು ಆತನ ಆಫ್ರಿಕನ್ ಸಂಗಡಿಗರು. ಅವರಲ್ಲಿ ನಾಸಿಕದ ಮಿಶನ್ ಶಾಲೆಯಲ್ಲಿ ಕಲಿತ ಜೇಕಬ್ ವೇನ್‌ರೈಟನೂ ಇದ್ದ. ಆತನ ಸಮಾಧಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ. ಮೇರಿಯನ್ನು ಹೂಳಿದ್ದು ಶುಪಾಂಗದ ಒಂದು ಬಾವೊಬಾಬ್ ಮರದ ಬುಡದಲ್ಲಿ. ಆರು ವಾರದ ಎಲಿಜಬೆತ್ ಮಾತ್ರ ಕೊಲೊಬೆಂಗ್‌ನಲ್ಲೇ, ಆ ಹಾಳುಬಿದ್ದ ಮನೆಯ ಹತ್ತಿರ ಉಳಿದಳು.