ಘರಗಲ್ಲಿಯ ನಾಲ್ಕಿಂಚಿನ ಪೈಪು

ಮುಂಬೈಯ ಗಿರ್ಗಾಂವ್, ಕಾಲಬಾದೇವಿ, ಮಾಂಡ್ವಿ ಕಡೆಯ ಹಳೇ ಕಟ್ಟಡಗಳ ಮುಂಭಾಗವನ್ನು ನಾವೆಲ್ಲ ನೋಡಿರುತ್ತೇವೆ. ಮರದ ಗ್ಯಾಲರಿ, ಒಣಹಾಕಿದ ಸೀರೆ, ಡಬ್ಬಿಯಲ್ಲಿ ತುಳಸಿ... ಸಿನಿಮಾದವರಿಗೂ ಅಷ್ಟೇ ಸಾಕು. ಹಿಂಭಾಗ ನೋಡಿದವರು ಕಡಿಮೆ. ಎರಡು ಕಟ್ಟಡಗಳ ನಡುವೆ ನಾಲ್ಕೋ ಐದೋ ಅಡಿಯ ಸಂದಿ. ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟು. ಗೋಡೆ ತುಂಬ ಪೈಪುಗಳು. ಕೆಲವು ನೆಟ್ಟಗೆ ಇಳಿದರೆ ಕೆಲವು ಕಿಟಕಿ ತಪ್ಪಿಸಿ, ಇನ್ನೊಂದು ಪೈಪಿನ ಹೆಗಲು ಹತ್ತಿ, ಹಾವಿನ ಹಾಗೆ ಹರಿದುಹೋಗಿ ಯಾವುದೋ ಕಬ್ಬಿಣದ ಕೊಳವೆಗೆ ಸೇರುತ್ತವೆ. ಈ ಸಂದಿಗೆ ಮರಾಠಿಯಲ್ಲಿ ಘರಗಲ್ಲಿ ಅಂತಾರೆ, ಮಹಾನಗರಪಾಲಿಕೆಯ ಭಾಷೆಯಲ್ಲಿ ಹೌಸ್ ಗಲ್ಲಿ.

ಪೈಪುಗಳು ಯಾಕಷ್ಟು ಸೊಟ್ಟ? ಪ್ಲಂಬರನಿಗೆ ಕೆಲಸ ಬರುವುದಿಲ್ಲ ಅಂತ ನಾವು ಬೈದುಬಿಡುತ್ತೇವೆ. ನನಗೆ ಮಾತ್ರ ಅದು ಇತಿಹಾಸದ ಪ್ರಶ್ನೆ ಅನ್ನಿಸುತ್ತದೆ. ಈ ಕಟ್ಟಡಗಳನ್ನು ಕಟ್ಟುವಾಗ ಲೆಕ್ಕದಲ್ಲಿ ಪೈಪೇ ಇರಲಿಲ್ಲ. ಇದ್ದದ್ದು ಒಬ್ಬ ಮನುಷ್ಯ.

19ನೇ ಶತಮಾನದ ಬೊಂಬಾಯಿಯಲ್ಲಿ ಪಾಯಿಖಾನೆಗಳು ಕಟ್ಟಡದ ಹಿಂಬದಿಯಲ್ಲಿ ಒಂದರ ಮೇಲೊಂದು ಇರುತ್ತಿದ್ದವು. ಮೇಲಿನಿಂದ ಕೆಳಗಿನವರೆಗೆ ಒಂದು ಪೊಳ್ಳು. ಬಿದ್ದದ್ದೆಲ್ಲ ಅದರ ತಳದಲ್ಲಿಟ್ಟ ಬುಟ್ಟಿಗೆ. ಆ ಬುಟ್ಟಿ ಖಾಲಿ ಮಾಡಲು ಬರುವವನು ಮುಂಬಾಗಿಲಿನಿಂದ ಬರುವಂತಿರಲಿಲ್ಲ, ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಅವನಿಗಾಗಿ ಬಿಟ್ಟ ದಾರಿಯೇ ಘರಗಲ್ಲಿ. ಒಬ್ಬ ಆಳು, ಒಂದು ಬುಟ್ಟಿ, ಅಷ್ಟಕ್ಕೆ ಸಾಲುವ ಅಗಲ. ಅವನು ಹೊತ್ತದ್ದು ಡಿಪೋಗೆ ಹೋಗಿ ಮುಂದೆ ಸಾಗುತ್ತಿತ್ತು. ತೊಳೆದ ನೀರು, ಸ್ನಾನದ ನೀರು ಅದೇ ಗಲ್ಲಿಯ ನಡುವಿನ ತೆರೆದ ಚರಂಡಿಯಲ್ಲಿ ಹರಿಯುತ್ತಿತ್ತು. ಅವನು ನಡೆಯುತ್ತಿದ್ದದ್ದೂ ಅದರಲ್ಲೇ.

ಇವರನ್ನು ಹಲಾಲ್‌ಖೋರ್ ಎಂದು ಕರೆಯುತ್ತಿದ್ದರು. ದುಡಿದು ತಿನ್ನುವವನು ಎಂದು ಅರ್ಥ. ಈ ಹೆಸರನ್ನು ಬಳಕೆಗೆ ತಂದವನು ಅಕ್ಬರ್ ಎಂದು ಐನ್-ಇ-ಅಕ್ಬರಿ ಹೇಳುತ್ತದೆ. ಹೆಸರು ಗೌರವದ್ದು, ಕೆಲಸದಲ್ಲಿ ಮಾತ್ರ ಯಾವ ಬದಲಾವಣೆಯೂ ಇಲ್ಲ. 1888ರ ಮುಂಬೈ ಮುನಿಸಿಪಲ್ ಕಾಯ್ದೆಯಲ್ಲಿ ನೀರಿನ ತೆರಿಗೆಯ ಪಕ್ಕದಲ್ಲೇ ಹಲಾಲ್‌ಖೋರ್ ತೆರಿಗೆ ಅಂತ ಒಂದು ಬಾಬ್ತು ಇತ್ತು. ಬ್ಯಾಂಕಿನವನಾದ ನನಗೆ ಇಂಥ ಬಾಬ್ತುಗಳ ಮೇಲೆ ಕಣ್ಣು ಹೆಚ್ಚು. ಒಂದು ಕಡೆ ನೀರು, ಇನ್ನೊಂದು ಕಡೆ ನೀರಿನ ಬದಲಿಗೆ ಮನುಷ್ಯ, ಎರಡಕ್ಕೂ ಒಂದೇ ಬಿಲ್ಲು.

ಊರಲ್ಲಿ ನಾವು ಸಾಚಾ ಅಂದುಕೊಳ್ಳುವುದು ಬೇಡ. ನಮ್ಮ ಕಡೆ ಹಳ್ಳಿಗಳಲ್ಲಿ ಬಯಲೇ ಗತಿಯಾಗಿದ್ದರೂ ಪೇಟೆಗಳಲ್ಲಿ ಇದೇ ಕಥೆ. ಉಡುಪಿ ಪುರಸಭೆಯಲ್ಲಿ ಮಲ ಹೊರುವುದು ನಿಂತದ್ದು ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದ ಕಾಲದಲ್ಲಿ. ರಾಜ್ಯದ ಮಟ್ಟದಲ್ಲಿ ಅದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಬಸವಲಿಂಗಪ್ಪನವರು. ಕೇಂದ್ರದ ಕಾಯ್ದೆ ಬರಲು 1993 ಆಗಬೇಕಾಯಿತು. 2013ರಲ್ಲಿ ಇನ್ನೊಂದು ಕಾಯ್ದೆ ತರಬೇಕಾಗಿ ಬಂತು ಎಂದರೆ ಮೊದಲನೆಯದು ಎಷ್ಟು ಕೆಲಸ ಮಾಡಿತ್ತು ಎಂದು ನೀವೇ ಊಹಿಸಿ.

ಇರಲಿ, ಪೈಪಿಗೆ ಬರೋಣ.

ಪೈಪಿನಲ್ಲಿ ಹೋದದ್ದು ಹೋಗುತ್ತದೆ, ಆದರೆ ವಾಸನೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಇದಕ್ಕೆ ಉಪಾಯ ಕೊಟ್ಟವನು ಅಲೆಕ್ಸಾಂಡರ್ ಕಮ್ಮಿಂಗ್, ಲಂಡನ್ನಿನ ಒಬ್ಬ ಗಡಿಯಾರ ತಯಾರಕ. 1775ರಲ್ಲಿ ಪೇಟೆಂಟ್ ತೆಗೆದುಕೊಂಡ. ಕೊಳವೆಯನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಗ್ಗಿಸಿದ, ಬಗ್ಗಿದ ಕಡೆ ಸ್ವಲ್ಪ ನೀರು ನಿಂತೇ ಇರುತ್ತದೆ, ಗಾಳಿ ದಾಟುವುದಿಲ್ಲ. ಇಷ್ಟೇ. ಎರಡೂವರೆ ಶತಮಾನವಾದರೂ ಇದಕ್ಕಿಂತ ಒಳ್ಳೆಯದು ಯಾರಿಗೂ ಹೊಳೆದಿಲ್ಲ. (ಥಾಮಸ್ ಕ್ರ್ಯಾಪರ್ ಕಮೋಡ್ ಕಂಡುಹಿಡಿದ ಅನ್ನುವುದು ಕಟ್ಟುಕಥೆ, ಅವನು ಹುಟ್ಟಿದ್ದೇ ಆಮೇಲೆ.) ಎಸ್ ಟ್ರ್ಯಾಪ್ ನೆಲದೊಳಕ್ಕೆ ಇಳಿಯುತ್ತದೆ. ಪಿ ಟ್ರ್ಯಾಪ್ ಹಿಂದಿನ ಗೋಡೆಯಿಂದ ಹೊರಕ್ಕೆ ಹೋಗುತ್ತದೆ. ಈ ಎರಡಕ್ಷರ ನೆನಪಿರಲಿ, ಮುಂದೆ ಬೇಕು.

ಬೊಂಬಾಯಿಗೆ ವಿಹಾರ ಕೆರೆಯ ನೀರು ಬಂದದ್ದು 1860ರಲ್ಲಿ, ತಾನ್ಸಾ ನೀರು 1892ರಲ್ಲಿ. ನೀರು ಬಂತು, ಹೊರಗೆ ಹೋಗುವ ದಾರಿ ಅಷ್ಟೇ ಬೇಗ ಆಗಲಿಲ್ಲ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಶುರುವಾದಾಗ ಎಲ್ಲರ ಕಣ್ಣು ಈ ಗಲ್ಲಿಗಳ ಮೇಲೆ ಬಿತ್ತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದರ ಅಧ್ಯಕ್ಷರಾಗಿದ್ದ ಜೆ.ಪಿ. ಆರ್ ಎಂಬವರು ಬೆಳಕಿನ ರೇಖೆ 63.5 ಡಿಗ್ರಿಯಲ್ಲಿ ಬೀಳಬೇಕು ಎಂದು ಪಟ್ಟು ಹಿಡಿದರು. ಸರಳವಾಗಿ ಹೇಳಿದರೆ, ಎದುರಿನ ಕಟ್ಟಡ 40 ಅಡಿ ಎತ್ತರವಿದ್ದರೆ ನಡುವೆ 20 ಅಡಿ ಜಾಗ. ಹೊಸ ಕಟ್ಟಡಗಳಿಗೆ ಸರಿ. ಆಗಲೇ ಎದ್ದು ನಿಂತ ಸಾವಿರಾರು ಕಟ್ಟಡಗಳನ್ನು ದೂಡಿ ದೂರ ಮಾಡುವುದಕ್ಕೆ ಆಗುತ್ತದೆಯೇ? ಹಳೇ ಪೊಳ್ಳುಗಳ ಜಾಗದಲ್ಲಿ ಫ್ಲಶ್ ಬಂದಾಗ ಎರಕದ ಕಬ್ಬಿಣದ ಕೊಳವೆಗಳು ಘರಗಲ್ಲಿಯ ಗೋಡೆಯನ್ನೇ ಹಿಡಿದವು. ಮನೆಯೊಳಗೆ ಪೈಪಿದ್ದರೆ ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಇಂಗ್ಲಿಷರಿಗೆ ಭಯ, ಹಾಗಾಗಿ ಪೈಪು ಹೊರಗೋಡೆಯ ಮೇಲೇ ಇರಬೇಕು ಎಂಬುದು ಅವರ ಪದ್ಧತಿ. ಲಂಡನ್ನಿನಲ್ಲಿ ಚಳಿಗೆ ಹೊರಗಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತಿತ್ತು. ಇಲ್ಲಿ ಆ ಕಾಟವಿಲ್ಲದೆ ಪದ್ಧತಿ ಗಟ್ಟಿಯಾಗಿ ಕೂತುಬಿಟ್ಟಿತು.

ಚಾಳುಗಳ ಕೋಣೆಯಲ್ಲಿ ಮೋರಿ ಇರುತ್ತದೆ. ಕನ್ನಡದಲ್ಲಿ ಮೋರಿ ಎಂದರೆ ಚರಂಡಿ. ಮರಾಠಿಯಲ್ಲಿ ಮೋರಿ ಎಂದರೆ ನಮ್ಮ ಬಚ್ಚಲು, ಮೂಲೆಯಲ್ಲಿ ಮೂರಡಿ ನಾಲ್ಕಡಿಯ ಕಟ್ಟೆಯೊಳಗೆ ಪಾತ್ರೆ, ಬಟ್ಟೆ, ಸ್ನಾನ ಎಲ್ಲ. ಅದರ ನೀರಿಗೆ ಸಣ್ಣ ಪೈಪು ಸಾಕು. ಪಾಯಿಖಾನೆ ಮಾತ್ರ ಗ್ಯಾಲರಿಯ ಕೊನೆಯಲ್ಲಿ, ಎಲ್ಲರಿಗೂ ಸೇರಿ. 1920ರ ದಶಕದಲ್ಲಿ ಸರ್ಕಾರವೇ ಕಟ್ಟಿಸಿದ 207 ಬಿಡಿಡಿ ಚಾಳುಗಳಲ್ಲೂ ಹಾಗೆಯೇ, 160 ಚದರಡಿಯ ಕೋಣೆ, ಮಹಡಿಗೊಂದು ಸಾಮೂಹಿಕ ಸಂಡಾಸು. ಅದರ ಮೇಲೆ 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ದರಕ್ಕೆ ಕಟ್ಟಿಹಾಕಿತು. ಬಾಡಿಗೆದಾರರಿಗೆ ಅದು ವರ. ಆದರೆ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಬರುವ ಕಟ್ಟಡಕ್ಕೆ ಯಾವ ಮಾಲೀಕ ಹೊಸ ಕೊಳವೆ ಹಾಕಿಸುತ್ತಾನೆ? ಒಳಗೆ ಸಂಡಾಸು ಬೇಕಾದವರು ತಮ್ಮ ತಮ್ಮ ಪೈಪು ತಾವೇ ಎಳೆದುಕೊಂಡರು, ಒಬ್ಬೊಬ್ಬರು ಒಂದೊಂದು ವರ್ಷ, ಒಂದೊಂದು ದಾರಿಯಲ್ಲಿ. ಆ ಹಾವುಗಳ ಮೂಲ ಇದು.

ನಾನು 1993ರಲ್ಲಿ ಬ್ಯಾಂಕಿಗೆ ಸೇರಿ ಮುಂಬೈಗೆ ಬಂದಾಗ ಗಿರ್ಗಾಂವಿನ ಒಂದು ಚಾಳಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೆ. ಎರಡನೇ ಮಹಡಿ. 1997ರಲ್ಲಿ ಚಿಕ್ಕಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಗ್ಯಾಲರಿಯ ಕೊನೆಯವರೆಗೆ ನಡೆದು, ಸಾಲಿನಲ್ಲಿ ನಿಂತು, ಕುಕ್ಕುರುಗಾಲಲ್ಲಿ ಕೂರುವುದು ಇನ್ನು ಸಾಧ್ಯವಿರಲಿಲ್ಲ. ಮೋರಿಯ ಜಾಗದಲ್ಲೇ ಸಂಡಾಸು ಆಗಬೇಕು. ಒಲೆಯಿಂದ ಆರೇ ಅಡಿ! ಚಿಕ್ಕಮ್ಮ ಎರಡು ದಿನ ಒಪ್ಪಲಿಲ್ಲ.

ಲೆಕ್ಕ ಹೀಗಿತ್ತು. ನೆಲ ಮರದ ತೊಲೆಗಳ ಮೇಲಿನ ಲಾದಿ. ಕೆಳಗೆ ಮರಾಠಿ ಆಜಿಯೊಬ್ಬರ ಅಡುಗೆಮನೆ. ಎಸ್ ಟ್ರ್ಯಾಪ್ ಇಳಿಸಿದರೆ ಪೈಪು ಅವರ ತಲೆಯ ಮೇಲೆ ಬರುತ್ತದೆ. ಅವರು ಹಾಕಿದ್ದು ಒಂದೇ ಷರತ್ತು, ನೆಲ ಕೊರೆಯಬಾರದು. ಆದ್ದರಿಂದ ಪಿ ಟ್ರ್ಯಾಪ್, ಗೋಡೆಯಿಂದ ಹೊರಕ್ಕೆ. ಭಾರತೀಯ ಶೈಲಿಯ ಪ್ಯಾನ್ ಇಟ್ಟರೆ ಪ್ಯಾನ್, ಅದರಡಿಯ ಟ್ರ್ಯಾಪ್ ಎಲ್ಲ ಸೇರಿ ನೆಲವನ್ನು ಒಂದೂವರೆ ಅಡಿ ಎತ್ತರಿಸಬೇಕು, ಅಂದರೆ ಎರಡು ಮೆಟ್ಟಿಲು. ಹಳೇ ಕೋಣೆಗಳಲ್ಲಿ ಸಿಂಹಾಸನದ ಹಾಗಿರುವ ಸಂಡಾಸು ನೋಡಿದ್ದೀರಲ್ಲ, ಕಾರಣ ಇದೇ. ಪಿ ಟ್ರ್ಯಾಪ್ ಕಮೋಡಿನ ಬಾಯಿ ನೆಲದಿಂದ ಏಳಿಂಚು ಮೇಲಿರುತ್ತದೆ, ನೆಲ ಎತ್ತರಿಸುವುದೇ ಬೇಡ. ಚಾಳುಗಳಿಗೆ ಕಮೋಡ್ ಬಂದದ್ದು ಫ್ಯಾಷನ್ನಿಗೆ ಅಂತ ಹೇಳುವವರಿದ್ದಾರೆ. ಎಷ್ಟೋ ಕಡೆ ಅದು ಬಂದದ್ದು ಈ ಏಳಿಂಚಿಗಾಗಿ.

ಗೋಡೆ ದಾಟಿದ ಮೇಲೆ ಸಾಮೂಹಿಕ ಸಂಡಾಸಿನ ಹಳೇ ಕಬ್ಬಿಣದ ಕೊಳವೆಗೆ 14 ಅಡಿ ದೂರ. ನಾಲ್ಕಿಂಚಿನ ಪೈಪಿಗೆ ಹತ್ತಡಿಗೆ ಮೂರಿಂಚು ಇಳಿಜಾರು ಬೇಕು. ಕಡಿಮೆಯಾದರೆ ಮಲ ನಿಲ್ಲುತ್ತದೆ. ತೀರಾ ಕಡಿದಾದರೂ ತೊಂದರೆಯೇ, ನೀರು ಮುಂದೆ ಓಡಿ ಘನ ಹಿಂದೆ ಉಳಿಯುತ್ತದೆ. 14 ಅಡಿಗೆ ನಾಲ್ಕೂಕಾಲು ಇಂಚು. ಅಂದರೆ ಏಳಿಂಚಿನಲ್ಲಿ ಹೊರಟ ಪೈಪು ಕೊಳವೆ ಸೇರುವಾಗ ನಮ್ಮ ನೆಲಕ್ಕಿಂತ ಮೂರಿಂಚೂ ಮೇಲಿರುವುದಿಲ್ಲ. ಬಿ.ಕಾಂ. ಓದಿದವನಿಗೂ ತಿಳಿಯುವ ಲೆಕ್ಕ. ನಡುವೆ ಪಕ್ಕದ ಮನೆಯ ಕಿಟಕಿ. ಪುಣ್ಯಕ್ಕೆ ಅದರ ಚೌಕಟ್ಟಿನ ಕೆಳಗೆ ಜಾಗವಿತ್ತು.

ಪ್ಲಂಬರ್ ಉತ್ತರಪ್ರದೇಶದವನು. ಕಡಿಮೆ ಮಾತು, ಕೆಲಸ ಗಟ್ಟಿ. ತಿರುವಿನಲ್ಲಿ ಒಂದು 90 ಡಿಗ್ರಿಯ ಬೆಂಡ್ ಹಾಕದೆ ಎರಡು 45 ಡಿಗ್ರಿಯವು ಹಾಕಿದ. ಕೋಲು ಹಾಕಿ ಬಿಡಿಸಲು ಅಲ್ಲೊಂದು ಬಾಗಿಲಿರುವ ಬೆಂಡ್. ಅಕಾರ್ಡಿಯನ್ ತರಹದ ಮಡಿಕೆಯ ಪ್ಯಾನ್ ಕನೆಕ್ಟರ್ ತಂದರೆ ಎಲ್ಲಿಗೆ ಬೇಕಾದರೂ ಬಗ್ಗುತ್ತದಲ್ಲ ಎಂದು ಕೇಳಿದೆವು. "ಸಾಹೇಬ್, ಬಗ್ಗುವ ಕಡೆಯೇ ಹಿಡಿದುಕೊಳ್ಳುತ್ತದೆ" ಎಂದ. ನಿಜ, ಮಡಿಕೆಗಳಲ್ಲಿ ಕೊಳೆ ಕೂರುತ್ತದೆ, ನಡು ಜೋತುಬೀಳುತ್ತದೆ. ಸೀದಾ ಕನೆಕ್ಟರಿಗೆ ಜಾಗವಿಲ್ಲದಿದ್ದರೆ ಮಾತ್ರ ಅದು. ಕಮೋಡಿನ ಹತ್ತಿರ ಒಂದು ಎರಡಿಂಚಿನ ಪೈಪನ್ನು ಸೂರಿನ ಮೇಲಿನವರೆಗೆ ಏರಿಸಿದ, ಗಾಳಿಗೆ. ಅದಿಲ್ಲದಿದ್ದರೆ ಬೇರೆಯವರು ಫ್ಲಶ್ ಮಾಡಿದಾಗ ಕೊಳವೆಯೊಳಗೆ ಗಾಳಿಯ ಎಳೆತವಾಗಿ ನಮ್ಮ ಟ್ರ್ಯಾಪಿನ ನೀರು ಗುಳುಗುಳು ಅಂತ ಹೊರಟುಹೋಗುತ್ತದೆ. ಕಮ್ಮಿಂಗನ ಎರಡಿಂಚು ನೀರು ಹೋದರೆ ಉಳಿದದ್ದೆಲ್ಲ ವ್ಯರ್ಥ.

ಇಷ್ಟನ್ನೂ ಮಾಡಿದ್ದು ಘರಗಲ್ಲಿಯಲ್ಲಿ ಏಣಿ ಹಾಕಿ. ಏಣಿ ಹಿಡಿಯಲು ಪ್ಲಂಬರನ ಹುಡುಗ ಇಳಿಯಲೊಪ್ಪಲಿಲ್ಲ. ನಾವೂ ಗ್ಯಾಲರಿಯಿಂದಲೇ ನೋಡುತ್ತಿದ್ದೆವು. ಹಿಡಿದವನು ಗಲ್ಲಿ ಗುಡಿಸಲು ಬರುತ್ತಿದ್ದ ಮನುಷ್ಯ. ಮೇಲಿನ ಕಿಟಕಿಗಳಿಂದ ಬೀಳುವ ಕಸದಿಂದ ತಪ್ಪಿಸಿಕೊಳ್ಳಲು ತಲೆಗೆ ಗೋಣಿಚೀಲ ಹಾಕಿಕೊಂಡಿದ್ದ. ಕಬ್ಬಿಣಕ್ಕೂ ಪಿವಿಸಿಗೂ ಕೂಡುವ ಜಾಗವನ್ನು ತೋರಿಸಿ, "ಇದನ್ನು ಚೆನ್ನಾಗಿ ಮಾಡಿ. ಸೋರಿದರೆ ನಿಮಗೆ ಗೊತ್ತಾಗುವ ಮೊದಲು ನನಗೆ ಗೊತ್ತಾಗುತ್ತದೆ" ಎಂದ. ಆ ಕೂಡುವ ಜಾಗವೇ ಇಂಥ ಕೆಲಸದ ದುರ್ಬಲ ಭಾಗ. ಹಳೇ ಎರಕದ ಕೊಳವೆಯ ಅಳತೆಗೂ 110 ಮಿ.ಮೀ. ಪಿವಿಸಿಗೂ ತಾಳೆಯಾಗುವುದಿಲ್ಲ. ಹಿಂದಿನವರು ಸೆಣಬು ತುರುಕಿ ಕಾಯಿಸಿದ ಸೀಸ ಎರೆಯುತ್ತಿದ್ದರು. ಈಗ ಸಿಮೆಂಟು ಮೆತ್ತಿ ಮುಗಿಸುತ್ತಾರೆ, ವರ್ಷದೊಳಗೆ ಬಿರುಕು. ನಮ್ಮ ಪ್ಲಂಬರ್ ರಬ್ಬರ್ ರಿಂಗ್ ಹುಡುಕಿ ತರಲು ಒಂದು ದಿನ ಕಳೆದ. ನಾನು 2001ರಲ್ಲಿ ಆ ಮನೆ ಬಿಡುವವರೆಗೆ ಅದು ಸೋರಲಿಲ್ಲ.

ಬಿಡಿಡಿ ಚಾಳುಗಳು ಈಗ ಒಂದೊಂದಾಗಿ ಉರುಳುತ್ತಿವೆ. 2025ರ ಆಗಸ್ಟಿನಲ್ಲಿ ವರ್ಲಿಯ ಮೊದಲ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಗಳ ಕೀಲಿ ಸಿಕ್ಕಿತು. ಹೊಸ ಕಟ್ಟಡಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನೇ ತಗ್ಗಿಸಿ ಎರಕ ಹಾಕುತ್ತಾರೆ, ಟ್ರ್ಯಾಪು ಬೆಂಡು ಎಲ್ಲ ಅದರೊಳಗೆ ಮುಚ್ಚಿಹೋಗುತ್ತವೆ. ಘರಗಲ್ಲಿಯ ಬದಲು ಡಕ್ಟ್ ಎಂಬ ಕಿರುಬಾವಿ, 20 ಮಹಡಿಯಿಂದ ಕೆಳಗಿನವರೆಗೆ.

ಗೃಹಸಾಲದ ಕಡತಗಳ ಜೊತೆ ನನ್ನ ಮೇಜಿಗೆ ನಕ್ಷೆಗಳೂ ಬರುತ್ತವೆ. ಅಭ್ಯಾಸಬಲದಿಂದ ನಾನು ಮೊದಲು ಡಕ್ಟ್ ಎಲ್ಲಿದೆ ಎಂದು ಹುಡುಕುತ್ತೇನೆ. ಅದಕ್ಕೂ ಸಾಲ ಮಂಜೂರಾತಿಗೂ ಸಂಬಂಧವಿಲ್ಲ, ಸಹೋದ್ಯೋಗಿಗಳು ನಗುತ್ತಾರೆ. ಮೂರಡಿ ಬಿಟ್ಟು, ಪ್ರತಿ ಮಹಡಿಯಲ್ಲೂ ನಿಲ್ಲಲು ಜಾಲರಿ ಕೊಟ್ಟವರೂ ಇದ್ದಾರೆ. ಕಳೆದ ತಿಂಗಳು ಬಂದ ಒಂದು ನಕ್ಷೆಯಲ್ಲಿ ಡಕ್ಟಿನ ಅಗಲ ಒಂದೂವರೆ ಅಡಿ. ಬಾಗಿಲು ಎಲ್ಲಿ ಎಂದು ಹುಡುಕಿದೆ, ಕೊಟ್ಟಿರಲಿಲ್ಲ.