ಕತ್ತಲೆಕಾನಿನ ಗೇರು: ಹೆಸರು ಬರುವ ಮೊದಲು ಕಾಯ್ದವರು ಯಾರು?

ಗಾಂಧಿಬಾಗ್‌ನಿಂದ ಮಾತಾಡ್ತಾ ಇದ್ದೇನೆ. ಇದು ನಾಗಪುರದ ಬಟ್ಟೆ ಪೇಟೆ, ಹಾಗಾಗಿ ಬಟ್ಟೆಯಿಂದಲೇ ಶುರು ಮಾಡೋಣ. ಹಿಂದೆ ಅಗಸರು ಯಾರ ಬಟ್ಟೆ ಯಾವುದು ಅಂತ ತಿಳಿಯೋಕೆ ಒಂದು ಕಾಯಿಯ ಸೊನೆಯಿಂದ ಗುರುತು ಹಾಕ್ತಿದ್ದರು. ಎಷ್ಟು ಒಗೆದರೂ ಹೋಗದ ಕಪ್ಪು. ಮರಾಠಿಯಲ್ಲಿ ಅದು ಬಿಬ್ಬಾ, ನಮ್ಮಲ್ಲಿ ಕರಿಗೇರು. ಸಸ್ಯಶಾಸ್ತ್ರದಲ್ಲಿ ಅದರ ಕುಲ ಸೆಮೆಕಾರ್ಪಸ್. ಗ್ರೀಕ್ ಮೂಲದ ಈ ಪದಕ್ಕೆ ‘ಗುರುತಿನ ಹಣ್ಣು’ ಎಂದರ್ಥ.

ಇದೇ ಕುಲದ ಇನ್ನೊಂದು ಮರಕ್ಕೆ 2000ದವರೆಗೆ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ಅದು ಇರುವುದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ. ಅಲ್ಲಿನ ಹಳ್ಳಗಳಲ್ಲಿ ವರ್ಷವಿಡೀ ನೀರು ನಿಂತಿರುತ್ತದೆ. ಕಾಡು ಜಾಯಿಕಾಯಿ ಬಳಗದ ಮರಗಳು ಉಸಿರಾಡಲು ಬೇರನ್ನು ಮೊಣಕಾಲಿನಂತೆ ಮಡಚಿ ಮೇಲೆತ್ತಿರುತ್ತವೆ. ಇದೇ ರಾಮಪತ್ರೆ ಜಡ್ಡಿ. ಅಲ್ಲಿದ್ದ ಗೇರನ್ನು ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ ಹೊಸ ಪ್ರಭೇದವೆಂದು ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ವಿವರಿಸಿದರು. ಹೆಸರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್.

ಅಷ್ಟು ದೊಡ್ಡ ಮರ ಇಷ್ಟು ತಡವಾಗಿ ಯಾಕೆ? ಕಣ್ಣಿಗೆ ಬೀಳುವುದು ಬೇರೆ, ಗುರುತಾಗುವುದು ಬೇರೆ. ಎಲೆ ನೋಡಿ ಹೇಳಿದರೆ ಸಾಲದು, ಹೂವು, ಕಾಯಿ ಕೈಗೆ ಸಿಗಬೇಕು. ಇದರಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ.

ಹಾಗಾದರೆ ಹೆಸರಿಲ್ಲದ ಕಾಲದಲ್ಲಿ ಇಂಥ ಮರಗಳು ಉಳಿದದ್ದು ಹೇಗೆ? 1801ರಲ್ಲಿ ಈ ಜಿಲ್ಲೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್ ಒಂದು ಮಾತು ಬರೆದಿಟ್ಟಿದ್ದಾನೆ. ಕಾರವಾರದ ಕಡೆ ಕಾಡು ಊರ ದೇವರ ಆಸ್ತಿ. ಪೂಜಾರಿಯೂ ಆಗಿದ್ದ ಊರ ಗೌಡನ ಅಪ್ಪಣೆ ಇಲ್ಲದೆ ಮರ ಕಡಿಯುವಂತಿಲ್ಲ. ಸರ್ಕಾರ ಹಕ್ಕು ಸಾಧಿಸದಿರಲಿ ಅಂತ ಊರವರು ಹೂಡಿದ ಉಪಾಯ ಇದು ಅಂತ ಅವನ ಅನುಮಾನ. ಇರಲಿ, ಉಪಾಯವೇ ಆಗಲಿ! ಮಲೆನಾಡಿನ ಎಷ್ಟೋ ಕಾನುಗಳು ನಮ್ಮ ಕಾಲದವರೆಗೆ ಬಂದದ್ದು ಇಂಥ ಕಟ್ಟುಪಾಡುಗಳಿಂದ.

ಆದರೆ ನೀರಿರುವ ತಗ್ಗು ಜಾಗ ಅಂದರೆ ಗದ್ದೆಗೂ, ಅಡಿಕೆ ತೋಟಕ್ಕೂ ಹೇಳಿ ಮಾಡಿಸಿದ್ದು. ಜಡ್ಡಿಗಳು ಒಂದೊಂದಾಗಿ ಹೋದವು. ಈಗ ಈ ಗೇರು ಅಳಿವಿನ ಅಂಚಿನಲ್ಲಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಸಸಿ ಬೆಳೆಸಿ ಜಡ್ಡಿಗಳಲ್ಲಿ ನೆಟ್ಟಿದ್ದಾರೆ. 2011ರಲ್ಲಿ ಕತ್ತಲೆಕಾನೂ ಸೇರಿ ಸುಮಾರು 300 ಚದರ ಕಿಲೋಮೀಟರ್ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು.

ನನಗನಿಸೋದು ಇಷ್ಟು. ಹೆಸರು ಬಂದ ಮೇಲೆ ಮರದ ಪರವಾಗಿ ಅರ್ಜಿ ಬರೆಯಬಹುದು, ಸಸಿ ಎಣಿಸಬಹುದು. ಆದರೆ ಜಡ್ಡಿಯ ಮರಗಳ ಬೀಜ ಒಣಗಿತೋ, ಸತ್ತಂತೆ. ಡಬ್ಬಿಯಲ್ಲಿ ತುಂಬಿಟ್ಟು ಮುಂದೆ ನೋಡೋಣ ಅನ್ನೋಕಾಗಲ್ಲ. ಮೇಲಿನ ಹಳ್ಳದ ನೀರನ್ನು ಬೇರೆ ಕಡೆ ತಿರುಗಿಸಿದರೆ, ಕೊಡಲಿ ತಾಗದೆಯೇ ಮರ ಹೋಗುತ್ತದೆ. ಶಾಸ್ತ್ರದವರು ಗುರುತಿಸಿದ್ದು ಮರವನ್ನು. ಊರವರು ಕಾಯ್ದದ್ದು ಇಡೀ ಕಾನನ್ನು, ಅದರ ನೀರಿನ ಸಮೇತ. ಎರಡೂ ಬೇಕು. ನಿಮ್ಮೂರಲ್ಲಿ ದೇವರ ಕಾಡು ಉಳಿದಿದ್ದರೆ, ಅದರ ಕಟ್ಟುಪಾಡು ಏನಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.